ಹುಲ್ಲು ಹೊದ್ದ ಹಿತ್ತಿಲು

ಶಹಾಪುರದ ಬಾಡಿಗೆ ಮನೆಯ ಹಿತ್ತಿಲಲ್ಲಿ ನಾನು ಬದನೆ ಸಸಿ ನೆಟ್ಟ ಜಾಗದ ಕೆಳಗೆ ಮನೆಯೊಡತಿಯ ವರ್ಷದ ಜೋಳವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಅದು ತಿಳಿದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನಾನು ಪಟ್ಟ ಸಂಶಯಗಳನ್ನು ಓದುವವರೂ ಪಡಬೇಕಾದ ಕಾರಣವಿಲ್ಲ. ಅವು ಒಬ್ಬನಿಗೇ ಸಾಕಾಗಿ ಮಿಕ್ಕುವಷ್ಟಿದ್ದವು.

ಆಗಿನ್ನೂ ನಿಜಾಮರ ಆಡಳಿತ. ಎಲ್ಲೋ ದೂರದಲ್ಲಿ ನಡೆಯುತ್ತಿದ್ದ ಯುದ್ಧ ನಮ್ಮ ಕಡೆಗೆ ಲೆವಿಯಾಗಿ ಬಂದಿತ್ತು. ಯಾರ ಹೊಲದಲ್ಲಿ ಎಷ್ಟು ಬೆಳೆಯಿತು, ಅವರ ಮನೆಗೆ ಎಷ್ಟು ಸಾಕು ಎಂಬುದನ್ನು ಸರಕಾರವೇ ಗೊತ್ತು ಮಾಡಿ, ಉಳಿದ ಕಾಳನ್ನು ಅಳೆದುಕೊಂಡು ಹೋಗುತ್ತಿತ್ತು. ಸರಕಾರದ ಪ್ರಕಾರ ಒಬ್ಬ ಮನುಷ್ಯನಿಗೆ ಸಾಕಾಗುವ ರೊಟ್ಟಿ, ನಮ್ಮ ಕಡೆಯವರು ಬೆಳಗಿನ ಬುತ್ತಿಯಲ್ಲೇ ಮುಗಿಸುವಷ್ಟು. ಹಿಂದಿನ ವರ್ಷ ಮನೆಯೊಡತಿಯ ಜೋಳ ಹೀಗೇ ಹೋಗಿತ್ತು. ಸಗರದ ಕಡೆ ಸ್ವಂತ ಹೊಲವಿದ್ದ ಹೆಂಗಸು ಬೇಸಿಗೆಯಲ್ಲಿ ಸೆರಗನ್ನು ಮುಖಕ್ಕೆಳೆದುಕೊಂಡು ಪಡಿ ಅಳೆದು ಕೊಡುವ ಕಂಟ್ರೋಲ್ ಅಂಗಡಿಯ ಮುಂದೆ ನಿಂತು, ಹುಳ ಬಿದ್ದ ಜೋಳ ತಂದು ಸೊಸೆ ಮೊಮ್ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದ್ದಳು.

ಅದಕ್ಕೇ ಈ ವರ್ಷ ಆಕೆ ಹಿತ್ತಿಲಿನ ಹಳೆಯ ಹಗೇವನ್ನು ತೆರೆಸಿದಳು. ಹಗೇವು ಎಂದರೆ ನೆಲದೊಳಗಿನ ಕಣಜ. ಗಟ್ಟಿ ಗರಸು ನೆಲದಲ್ಲಿ ಗಡಿಗೆಯ ಆಕಾರಕ್ಕೆ ತೋಡಿ, ಒಳಗೆ ಸುತ್ತಲೂ ಜೋಳದ ಒಣ ದಂಟಿನ ಕಣಿಕೆ ಒತ್ತಿ, ಕಾಳು ಸುರಿದು, ಸಣ್ಣ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚುತ್ತಾರೆ. ಮಳೆಯ ನೀರು ಇಳಿದು ಹೋಗಲೆಂದು ಆ ಮಣ್ಣನ್ನು ಎಮ್ಮೆಯ ಬೆನ್ನಿನ ಹಾಗೆ ಉಬ್ಬಿಸಿರುತ್ತಾರೆ. ಆಕೆ ಉಬ್ಬಿಸಲಿಲ್ಲ. ಉಬ್ಬಿಸಿದರೆ ಲೆವಿಯವರನ್ನು ಕೈಹಿಡಿದು ಕರೆತಂದು ತೋರಿಸಿದ ಹಾಗೆಯೇ. ಹೊಲದಿಂದ ಬಂಡಿಗಟ್ಟಲೆ ಕಪ್ಪು ಎರೆಮಣ್ಣು ತರಿಸಿ, ಹಿತ್ತಿಲ ತುಂಬ ಹರವಿ, ಅಂಗೈಯಂತೆ ಸಮ ಮಾಡಿಸಿದಳು. ಅದು ಮುಗಿಯುತ್ತಿದ್ದ ಹಾಗೆ ಹಿಂದಿನ ಬಾಡಿಗೆಯವರು ಬಿಟ್ಟು ಹೋದರು. ತಹಸೀಲ ಕಚೇರಿಯ ಚಪರಾಸಿ ಬಂದು ನನಗಾಗಿ ಮನೆ ಕೇಳಿದ. ಇಲ್ಲ ಎನ್ನುವುದು ಹೇಗೆ? ಹೀಗೆ ಆಕೆಯ ಮನೆಯ ಹಿಂಭಾಗಕ್ಕೆ ನಾನು ಸಂಸಾರ ಸಮೇತ ಬಂದಿಳಿದೆ.

ನಾನು ಕಚೇರಿಯಲ್ಲಿ ಕಾರಕೂನ. ಲೆವಿಗೂ ನನಗೂ ಸಂಬಂಧವಿರಲಿಲ್ಲ, ನನ್ನದು ನಕಲು ಬರೆಯುವ ಮೇಜು. ಆದರೆ ಕಚೇರಿಯಿಂದ ಹೊರಬಂದವನ ಬೆನ್ನ ಮೇಲೆ ಅವನು ಯಾವ ಮೇಜಿನವನೆಂದು ಯಾರೂ ಬರೆದು ಕಳಿಸುವುದಿಲ್ಲ. ಮೇಲಾಗಿ ನಾನು ಚಿಂತೆಯ ಮನುಷ್ಯ. ಯಾರಾದರೂ ನಕ್ಕು ಮಾತಾಡಿಸಿದರೆ ಮನೆಗೆ ಬಂದು ಅಂಗಿ ಕಳಚಿ, ಬೆನ್ನಿಗೆ ಏನಾದರೂ ಮೆತ್ತಿದೆಯೇ ಎಂದು ನೋಡುವ ಪೈಕಿ. ನಗದೆ ಹೋದರೆ ಇನ್ನೂ ಕಷ್ಟ. ಅವರಿಗೆ ನನ್ನ ಬಗ್ಗೆ ಏನು ಗೊತ್ತಾಗಿರಬಹುದೆಂದು ಯೋಚಿಸುತ್ತ ಕೂರಬೇಕು.

ಆ ಮುಂಗಾರಿನಲ್ಲಿ ಸಾಹೇಬರು ತಾಲೂಕು ತಿರುಗುವ ದೌರಾ ಹೊರಟಾಗ ಅವರ ಜೊತೆಗೆ ಸುರಪುರಕ್ಕೆ ಹೋಗಿದ್ದೆ. ಅಲ್ಲಿ ಗುಡ್ಡದ ಮೇಲಿನ ಬಂಗಲೆಯಲ್ಲಿ ಅಂಗಳದ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಆ ಚೂರುಗಳನ್ನು ಕಾಯಿಪಲ್ಯದ ಮಡಿಗಳ ಮೇಲೆ ಹರವಿದ್ದರು. ನೆಲ ಕಾಣದ ಹಾಗೆ ಹುಲ್ಲು ಹೊದಿಸಿದ್ದಾರೆಂದರೆ ಕೆಳಗೆ ಏನನ್ನೋ ಬಚ್ಚಿಟ್ಟಿದ್ದಾರೆ ಎಂದೇ ನನಗೆ ಮೊದಲು ಹೊಳೆದದ್ದು. ಯಾರೂ ಇಲ್ಲದಾಗ ಬೆರಳಿನಿಂದ ಸರಿಸಿ ನೋಡಿದೆ. ಏನೂ ಇರಲಿಲ್ಲ. ಮಣ್ಣಿತ್ತು. ಆದರೆ ಎಂಥ ಮಣ್ಣು! ಮಳೆ ಹೋಗಿ ಬಹಳ ದಿನವಾಗಿತ್ತು, ದಾರಿಯುದ್ದಕ್ಕೂ ಎರೆಹೊಲಗಳು ಕೈ ಇಳಿಯುವಷ್ಟು ಬಿರಿದುಕೊಂಡಿದ್ದವು. ಈ ಹುಲ್ಲಿನ ಕೆಳಗಿನದು ಮಾತ್ರ ತಣ್ಣಗೆ, ಮೆತ್ತಗೆ, ಬೆರಳಿಗೆ ಅಂಟದೆ ಪುಡಿಯಾಗುತ್ತಿತ್ತು. ಮನಸ್ಸಿಗೆ ಹಿಡಿಸಿತು. ಜೀವನದಲ್ಲಿ ಒಂದು ಸಲ ಮುಚ್ಚಿದ್ದರ ಕೆಳಗೆ ಒಳ್ಳೆಯದನ್ನು ಕಂಡಿದ್ದೆ.

ಊರಿಗೆ ಬಂದವನೇ ಮನೆಯೊಡತಿಯ ಬಾಗಿಲಲ್ಲಿ ನಿಂತೆ. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾರ, ಹಿತ್ತಲದಾಗ ಒಂದೀಟು ಕಾಯಿಪಲ್ಯ ಹಾಕಬೇಕಂತ ಮಾಡೀನ್ರಿ."

ಆಕೆಯ ಕೈ ನಿಂತಿತು. "ಯಾಕ್ರಿ, ಸಂತ್ಯಾಗ ಸಿಗೂದಿಲ್ಲೇನು?"

"ಸಿಗತಾವ್ರಿ. ಮನೀದಾದ್ರ ತಾಜಾ ಇರ್ತಾವ."

"ಎರಿ ಮಣ್ಣದು. ಮಳಿ ಬಂದ್ರ ಕಾಲ ಬಿಡೂದಿಲ್ಲ, ಬಿಸಲ ಬಿದ್ರ ಬಾಯಿ ತಗೀತದ. ಅದರಾಗ ಏನ್ ಬೆಳೀತೀರಿ?"

"ಅದಕ್ಕೊಂದು ಉಪಾಯ ನೋಡಿ ಬಂದೀನ್ರಿ. ಮ್ಯಾಲ ಹುಲ್ಲು ಹೊದಿಸೂದು."

ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಆಕೆ ಅದನ್ನು ಎತ್ತಿ ಎಮ್ಮೆಯ ಬುಟ್ಟಿಗೆ ಒಗೆದು, ನನ್ನ ಮುಖವನ್ನೇ ನೋಡಿದಳು.

"ಬ್ಯಾಡ ಅಂದ್ರ ಯಾಕ ಅಂತೀರಿ. ಹಾಕ್ಕೋರಿ."

ನಾನು ಯಾಕೆ ಎಂದು ಕೇಳಿರಲೇ ಇಲ್ಲ. ಕೇಳುವ ವಿಚಾರವೂ ಇರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಮನೆಗೆ ಬಂದು ಹೆಂಡತಿಯ ಮುಂದೆ ಅದನ್ನೇ ಮಸೆಯುತ್ತ ಕುಳಿತೆ. ಬೇಡ ಎಂದರೆ ನಾನು ಯಾಕೆ ಎನ್ನುತ್ತೇನೆಂದು ಆಕೆಗೇಕೆ ಅನ್ನಿಸಬೇಕು?

"ನೀವು ಎಲ್ಲಾದಕ್ಕೂ ಯಾಕ ಅಂತೀರಿ, ಅದಕ್ಕ," ಎಂದಳು ಹೆಂಡತಿ. "ಆಕಿ ಬಂದು ಆರು ತಿಂಗಳ ನೋಡಬೇಕೇನು ನಿಮ್ಮನ್ನ? ಒಂದು ಸಲ ನೀರ ಕೊಟ್ರ ಗೊತ್ತಾಗ್ತದ. ಗಿಂಡ್ಯಾಗ ಇಣಕಿ ನೋಡ್ತೀರಿ."

ಬದನೆ, ಬೆಂಡೆ, ಒಂದು ಸಾಲು ಮೆಣಸಿನಗಿಡ, ಗೋಡೆಯ ಬುಡಕ್ಕೆ ಹೀರೆ. ಮುಸಾಫಿರ ಬಂಗಲೆಯ ಕಾವಲುಗಾರ ಅಂಗಳದ ಹುಲ್ಲು ಕತ್ತರಿಸಿದಾಗ, ಪೊಲೀಸರ ಕುದುರೆ ಮೂಸಿ ಬಿಡುವ ಚೂರುಗಳನ್ನು ನನಗೆ ಕೊಡುವುದೆಂದು ಮಾತಾಯಿತು. ಮೊದಲ ಸಲ ಹಸಿಹುಲ್ಲನ್ನೇ ತಂದು ಮೊಣಕಾಲುದ್ದ ಪೇರಿಸಿಬಿಟ್ಟೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬ ಲೆಕ್ಕ. ಅದು ಒಳಗೊಳಗೇ ಕಾವು ಹಿಡಿದು, ಸಗಣಿಯಂತೆ ಮೆತ್ತಿಕೊಂಡು, ಕೈ ಹಾಕಿದರೆ ಸುಡುತ್ತಿತ್ತು. ಬದನೆಯ ಕಾಂಡಗಳು ಬುಡದಲ್ಲಿ ಕೊಳೆತು ತಲೆ ಬಾಗಿಸಿದವು. ಆಮೇಲೆ ಬುದ್ಧಿ ಬಂದು, ಬೇರೆ ಸಸಿ ನೆಟ್ಟು, ಹುಲ್ಲನ್ನು ಎರಡು ಬಿಸಿಲು ಒಣಗಿಸಿ, ತೆಳ್ಳಗೆ ಒಂದು ಪದರ ಹಾಕಿ, ಅದು ಕುಗ್ಗಿದ ಮೇಲೆ ಇನ್ನೊಂದು ಹಾಕಿ, ಕಾಂಡದ ಸುತ್ತ ಒಂದು ಗೇಣು ಬಿಟ್ಟು ಹರವಿದೆ. ಒಣಗಿಸಿ ಮಿಕ್ಕ ಹುಲ್ಲನ್ನು ಹಿಂದಿನ ಕೋಣೆಯಲ್ಲಿ ಒಟ್ಟಿದೆ.

ಕಚೇರಿಯಲ್ಲಿ ಸುದ್ದಿ ಹರಡಲು ತಡವಾಗಲಿಲ್ಲ. ನೆಲಕ್ಕೆ ಚಳಿಯಾಗದಂತೆ ಹೊದಿಸುವ ಕಾರಕೂನ ಎಂದು ನಗುತ್ತಿದ್ದರು. ನಾನು ಮನೆಗೆ ಬಂದು ಅಂಗಿಯ ಬೆನ್ನು ನೋಡಿಕೊಳ್ಳುತ್ತಿದ್ದೆ.

ಹಿತ್ತಿಲಿನಲ್ಲಿ ಬೇರೆಯೇ ನಡೆದಿತ್ತು. ಸಂಜೆ ನಾನು ನೀರು ಹಾಕುವ ಹೊತ್ತಿಗೆ ಸರಿಯಾಗಿ ಮನೆಯೊಡತಿ ನಡುಗೋಡೆಯ ಬಾಗಿಲಲ್ಲಿ ಬಂದು ನಿಲ್ಲುವಳು. ಒಂದು ಕೊಡ ಮುಗಿದು ಇನ್ನೊಂದಕ್ಕೆ ನಾನು ತಿರುಗಿದರೆ, "ಸಾಕಾತು ಬಿಡ್ರಿ. ಅವಕ್ಕೇನು ಬಾಯಾರಿಕಿ ಆಗ್ಯಾದೇನು ಅಷ್ಟು?" ಎನ್ನುವಳು. ಬಾವಿಯ ನೀರು ಮುಗಿದೀತೆಂದು ಸಂಕಟವೆಂದು ತಿಳಿದೆ. ಆದರೆ ಬಾವಿಯಲ್ಲಿ ಕೈಗೆಟಕುವಷ್ಟು ನೀರಿತ್ತು. ಒಂದು ದಿನ ನಾನು ಒಳಗಿನ ಕಿಟಕಿಯಿಂದ ನೋಡುತ್ತಿರುವಾಗ, ಆಕೆ ಬದನೆ ಮಡಿಯ ಮಧ್ಯೆ ಕುಕ್ಕರುಗಾಲಿನಲ್ಲಿ ಕುಳಿತು, ಹುಲ್ಲು ಸರಿಸಿ, ಚಿಟಿಕೆ ಮಣ್ಣೆತ್ತಿ ಮೂಗಿಗೆ ಹಿಡಿದಳು. ಮೂಸಿದಳು. ಸ್ವಲ್ಪ ಆಚೆ ಸರಿದು ಮತ್ತೊಂದು ಚಿಟಿಕೆ ಮೂಸಿದಳು. ಆಮೇಲೆ ಹಿಮ್ಮಡಿಯಿಂದ ಆ ಜಾಗವನ್ನು ಒತ್ತಿ ಒತ್ತಿ ನೋಡಿ ಎದ್ದು ಹೋದಳು.

ಹೆಂಡತಿಯನ್ನು ಕರೆದೆ. "ಮಣ್ಣ ಮೂಸಾಕತ್ಯಾಳ."

"ಬಸರೇನೋ," ಎಂದಳು.

"ಆ ವಯಸ್ಸಿನಾಗ?"

"ಮತ್ತ ನನ್ನ ಯಾಕ ಕೇಳ್ತೀರಿ? ಹೋಗಿ ಆಕೀನ್ನ ಕೇಳ್ರಿ."

ಕೇಳಲಿಲ್ಲ. ಮಾಟ ಮಾಡಿಸಿದ್ದಾಳೆ ಎಂಬ ನಿರ್ಧಾರಕ್ಕೆ ಬಂದೆ. ಮಾಟವೆಂದ ಮೇಲೆ ನಿಂಬೆಹಣ್ಣು, ಕುಂಕುಮ ಏನಾದರೂ ಇರಬೇಕಲ್ಲ, ಮಡಿಗಳಲ್ಲೆಲ್ಲ ಹುಡುಕಿದೆ. ಆಕೆ ಬಾಗಿಲ ಸಂದಿಯಿಂದ ನೋಡುತ್ತಿದ್ದಳೆಂದು ಆಮೇಲೆ ತಿಳಿಯಿತು. ಸರಕಾರದ ಮನುಷ್ಯ ಮೊಣಕಾಲೂರಿ ಹಿತ್ತಿಲಿನ ನೆಲವನ್ನು ಅಂಗುಲ ಅಂಗುಲ ತಡವುತ್ತಿದ್ದಾನೆ. ಇನ್ನೇನು ಬೇಕು? ಹುಲ್ಲು ಹೊದಿಸಿರುವುದು ಲೆವಿಯವರಿಗೆ ಗುರುತೆಂದೇ ಆಕೆಗೆ ಖಾತ್ರಿಯಾಯಿತು. ಅಂದಿನಿಂದ ಹುಲ್ಲು ಕಾಣೆಯಾಗತೊಡಗಿತು.

ಮೊದಲು ಒಂದು ಮೂಲೆಯದು. ಎರಡು ದಿನ ಬಿಟ್ಟು ಬದನೆ ಮಡಿ ಪೂರ್ತಿ ಬೋಳು. ಹುಲ್ಲು ಕದಿಯುವವರು ಯಾರು? ಪಕ್ಕದ ಮನೆಯ ಮೇಕೆ ಎಂದುಕೊಂಡೆ. ಮೇಕೆಯಾದರೆ ಬೆಂಡೆಯ ಎಲೆ ಬಿಟ್ಟು ಒಣಹುಲ್ಲು ತಿನ್ನುವಷ್ಟು ಸನ್ಯಾಸಿಯಾಗಿರಬೇಕು. ಪೊಲೀಸರ ಕುದುರೆಯವನಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಕಚೇರಿಯಲ್ಲಿ ನನ್ನ ಮೇಜಿನ ಮೇಲೆ ಕಣ್ಣಿಟ್ಟಿದ್ದ ಒಬ್ಬನಿದ್ದ. ನನಗೆ ಹುಚ್ಚು ಹಿಡಿಸಿ ಆ ಮೇಜು ಹಿಡಿಯುವ ಹೂಟವಿರಬಹುದೆಂದು ಒಂದಿಡೀ ಮಧ್ಯಾಹ್ನ ಅವನ ಮುಖವನ್ನೇ ನೋಡುತ್ತ ಕುಳಿತೆ. ಅವನು ಸಂಜೆ ಹತ್ತಿರ ಬಂದು, "ಯಾಕ್ರಿ, ನನ್ನಿಂದೇನರ ತಪ್ಪಾಗ್ಯಾದೇನು?" ಎಂದು ಕೇಳಿದ. ತಪ್ಪು ಮಾಡದವನು ಹಾಗೆ ಕೇಳುತ್ತಾನೆಯೇ?

ಕಡೆಗೆ ಒಂದು ನಸುಕಿನಲ್ಲಿ ಮಾಳಿಗೆ ಹತ್ತಿ ಕುಳಿತೆ. ಮನೆಯೊಡತಿ ಬಂದಳು. ಎರಡೂ ಕೈಯಿಂದ ಹುಲ್ಲು ಬಳಿದು ಸೆರಗಿನಲ್ಲಿ ತುಂಬಿಕೊಂಡು ಎಮ್ಮೆಯ ಮುಂದೆ ಹಾಕಿದಳು. ಎಮ್ಮೆ ಮುಖ ತಿರುಗಿಸಿತು. ಆಕೆ ಅದರ ಮುಖವನ್ನು ಹಿಡಿದು ಹುಲ್ಲಿನ ಕಡೆ ತಿರುಗಿಸಿದಳು.

ಕೆಳಗಿಳಿದು ಬಂದೆ. "ಅವ್ವಾರ, ಇದೇನ್ರಿ?"

ಆಕೆ ಬೆಚ್ಚಲಿಲ್ಲ. "ಹಾವು ಬರ್ತಾವ್ರಿ ಹುಲ್ಲಾಗ. ಸಣ್ಣ ಮಕ್ಕಳು ಓಡ್ಯಾಡ್ತಾವ ಮನ್ಯಾಗ."

"ನನಗ ಒಂದ ಮಾತ ಹೇಳಬೇಕಿಲ್ರಿ?"

"ನೀವು ಮಾಳಿಗಿ ಮ್ಯಾಲ ಏನ್ ಮಾಡಾಕತ್ತಿದ್ರಿ ಇಷ್ಟ ಜಲ್ದಿ?"

"ಗಾಳಿಗಿ ಕುಂತಿದ್ದೆ," ಎಂದೆ.

"ಹೌದ್ರೇನು? ನಾನೂ ಗಾಳಿಗೇ ಬಂದಿದ್ದೆ."

ಹೀಗೆ ಇಬ್ಬರೂ ಗಾಳಿ ತೆಗೆದುಕೊಂಡು ಅವರವರ ಮನೆಯೊಳಗೆ ಹೋದೆವು. ಒಪ್ಪಂದವೆಂಬಂತೆ, ನಾನು ಗೋಡೆಯ ಬುಡದ ಹೀರೆಗೆ ಮಾತ್ರ ಹುಲ್ಲು ಹಾಕುವುದು, ನಡುವಿನ ಬದನೆ ಮಡಿಗೆ ಹಾಕಬಾರದು ಎಂದಾಯಿತು. ನಡುವಿನ ಮಡಿಯೇ ಏಕೆ ಎಂದು ನಾನು ಕೇಳಲಿಲ್ಲ. ಕೇಳದಿರುವುದು ಆಕೆಗೆ ಇನ್ನೂ ದೊಡ್ಡ ಸಂಶಯವಾಯಿತಂತೆ.

ಮಳೆ ಹಿಂದೆಗೆಯಿತು. ಹೊದಿಕೆ ಕಳೆದುಕೊಂಡ ನಡುವಿನ ಮಡಿ ಒಣಗುತ್ತ ಹೋಯಿತು. ಎರೆಮಣ್ಣು ಒಣಗುವುದು ಬೇರೆ ಮಣ್ಣು ಒಣಗಿದ ಹಾಗಲ್ಲ; ಅದು ಮೈ ಬಿಗಿದು ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ಮೊದಲು ಕೂದಲೆಳೆಯಂತೆ, ಆಮೇಲೆ ಬೆರಳು ಹೋಗುವಂತೆ, ಆಮೇಲೆ ನಾನು ಕಳೆ ತೆಗೆಯುವ ಕುರುಪಿ ಕೈಜಾರಿದರೆ ಹಿಡಿಕೆಯವರೆಗೂ ಇಳಿಯುವಂತೆ. ಹೀರೆಯ ಕೆಳಗಿನ ನೆಲ ಮಾತ್ರ ಹುಲ್ಲು ಹೊದ್ದು ಮೆತ್ತಗಿತ್ತು. ನನಗೆ ಒಳಗೊಳಗೇ ಖುಷಿ. ನೋಡಲಿ ಎಂದು ಆಕೆ ಬರುವ ಹೊತ್ತಿಗೆ ಹೀರೆಯ ಬುಡದಲ್ಲೇ ನಿಲ್ಲುತ್ತಿದ್ದೆ. ಆಕೆ ಬಿರುಕುಗಳನ್ನು ನೋಡಿ ಬಿಳುಚಿಕೊಳ್ಳುತ್ತಿದ್ದಳು. ಬದನೆಗಾಗಿ ಇಷ್ಟು ಮರುಗುವ ಹೆಂಗಸನ್ನು ತಪ್ಪು ತಿಳಿದೆನೇ ಎಂದು ಒಂದು ಸಂಜೆ ನನಗೆ ಅನ್ನಿಸಿದ್ದೂ ಉಂಟು.

ಉತ್ತರೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಹಿತ್ತಿಲಿನಲ್ಲಿ ನೀರು ನಿಂತು, ಬಿರುಕುಗಳೊಳಗೆ ಗುಳುಗುಳು ಸದ್ದು ಮಾಡುತ್ತ ಇಳಿದು ಹೋಯಿತು. ನಾನು ಬಾಗಿಲಲ್ಲಿ ನಿಂತು, ಬೇರಿಗೆ ಒಳ್ಳೆಯದಾಯಿತು ಎಂದು ಹೆಂಡತಿಗೆ ಹೇಳಿದೆ. ನಡುಗೋಡೆಯ ಆಚೆ ಮನೆಯೊಡತಿ ಏನೋ ಉರುಳಿಸಿದ ಸಪ್ಪಳ. ಗೋಣಿ, ಹಳೆಯ ಕಂಬಳಿ ತಂದು ಮಳೆಯಲ್ಲೇ ನೆನೆಯುತ್ತ ಬದನೆ ಮಡಿಯ ಮೇಲೆ ಹಾಸಿದಳು. ನನ್ನ ಹುಲ್ಲು ಬೇಡವಾದವಳಿಗೆ ಈಗ ಕಂಬಳಿ ಹೊದಿಸುವ ಪ್ರೀತಿ.

ಮಳೆ ನಿಂತು ಬಿಸಿಲು ಬಂದ ಮೇಲೆ ವಾಸನೆ ಶುರುವಾಯಿತು. ಹುಳಿ ಹುಳಿಯಾದ, ಮೂಗಿಗೆ ಬಡಿಯುವ, ಸ್ವಲ್ಪ ಸಿಹಿಯೂ ಇದ್ದ ವಾಸನೆ. ನಾನು ಕುಡಿದವನಲ್ಲ, ಆದರೆ ಕಳ್ಳಭಟ್ಟಿಯ ಸೆರೆ ಜಪ್ತಿಯಾಗಿ ಕಚೇರಿಗೆ ಬಂದಾಗ ಆ ಕೋಣೆ ನಾರುವುದು ಗೊತ್ತಿತ್ತು. ಎಲ್ಲ ಒಮ್ಮೆಲೇ ತಾಳೆಯಾಯಿತು. ಮಣ್ಣು ಮೂಸುವುದು, ಜಾಗ ಒತ್ತಿ ನೋಡುವುದು, ನಸುಕಿನ ಓಡಾಟ, ಕಂಬಳಿ. ಹಿತ್ತಿಲಿನಲ್ಲಿ ಗಡಿಗೆ ಹೂತು ಸೆರೆ ಕೊಳೆಹಾಕಿದ್ದಾಳೆ. ಅಬಕಾರಿಯವರು ಬಂದರೆ ಮೊದಲು ಹಿಡಿಯುವುದು ಹಿತ್ತಿಲ ಕಡೆಯ ಮನೆಯವನನ್ನು. ನೌಕರಿ ಹೋಯಿತು ಎಂದುಕೊಂಡೆ. ಇದ್ದ ಧೈರ್ಯವನ್ನೆಲ್ಲ ಕೂಡಿಸಿ, ಹೆಂಡತಿಯನ್ನು ಮುಂದೆ ಬಿಟ್ಟುಕೊಂಡು, ಆಕೆಯ ಮನೆಗೆ ಹೋದೆ.

ಆಕೆ ಕಂಬಕ್ಕೆ ಒರಗಿ ಕುಳಿತಿದ್ದಳು. ಸೊಸೆ ಒಳಗೆ ಅಳುತ್ತಿದ್ದಳು. ನನ್ನನ್ನು ಕಂಡು ಎದ್ದೇಳಲಿಲ್ಲ.

"ವಾಸನಿ ಬಂತೇನ್ರಿ ನಿಮ್ಮ ಮೂಗಿಗೆ?" ಎಂದಳು.

"ಬಂತ್ರಿ."

"ಯಾರಿಗೆ ಹೇಳಿ ಬಂದೀರಿ?"

"ಇನ್ನೂ ಯಾರಿಗೂ ಹೇಳಿಲ್ರಿ. ನೋಡ್ರಿ ಅವ್ವಾರ, ನಾ ಹೇಳೂದೂ ಇಲ್ಲ. ಸೆರಿ ಕಾಸೂದು ಇವತ್ತಿಗೆ ಬಂದ್ ಮಾಡಿಬಿಡ್ರಿ. ನಂದೂ ಮಕ್ಕಳು ಮರಿ ಅದಾವ."

ಆಕೆ ನನ್ನ ಹೆಂಡತಿಯ ಕಡೆ ತಿರುಗಿದಳು. "ತಂಗಿ, ನಿನ್ನ ಗಂಡ ಖರೇನ ಹಿಂಗ ಅದಾನೋ, ನಾಟಕ ಆಡ್ತಾನೋ?"

"ಹಿಂಗ ಅದಾರ್ರಿ ಅಕ್ಕಾರ," ಎಂದಳು ನನ್ನ ಹೆಂಡತಿ. "ನಾಟಕ ಮಾಡೂ ಅಷ್ಟ ಶಾಣ್ಯಾತನ ಇದ್ರ ಇಷ್ಟೊತ್ತಿಗೆ ಬಡತಿ ಸಿಕ್ಕು ನಾವು ಯಾದಗಿರ್ಯಾಗ ಇರ್ತಿದ್ವಿ."

ಆಗ ಆಕೆ ಹೇಳಿದಳು. ಹಗೇವು, ಕಂಟ್ರೋಲ್ ಅಂಗಡಿ, ಸಮ ಮಾಡಿದ ಮಣ್ಣು, ಎಲ್ಲ. ನಂಬಿಕೆಯಿಂದ ಹೇಳಿದ್ದಲ್ಲ. ಜೋಳ ನೆನೆದು ಹುಳಿ ಬರುತ್ತಿತ್ತು. ಹಗೇವು ತೆಗೆದು ಕಾಳು ಆರಹಾಕದಿದ್ದರೆ ನಾಲ್ಕು ದಿನದಲ್ಲಿ ಪೂರ್ತಿ ಕೊಳೆಯುತ್ತಿತ್ತು. ತೆಗೆದರೆ ನನ್ನ ಕಣ್ಣು ತಪ್ಪಿಸಲು ಸಾಧ್ಯವಿರಲಿಲ್ಲ. ನನಗೆ ಹೇಳಿದರೆ ಜೋಳ ಹೋಗಬಹುದು, ಹೇಳದಿದ್ದರೆ ಹೋಗುವುದು ಖಂಡಿತ. ಆಕೆ ಹೋಗಬಹುದು ಎಂಬುದನ್ನು ಆರಿಸಿಕೊಂಡಳು.

ಮರುದಿನ ಸಗರದಿಂದ, ಹೊಲ ನೋಡಿಕೊಂಡಿದ್ದ ಆಕೆಯ ಮಗ ಬಂದ. ನನ್ನ ಬದನೆ ಗಿಡಗಳನ್ನು ಕಾಯಿ ಸಮೇತ ಕಿತ್ತು ಪಕ್ಕಕ್ಕಿಟ್ಟು ಮಣ್ಣು ತೆಗೆದು ಚಪ್ಪಡಿ ಸರಿಸಿದ. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯುವ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿ ಮನುಷ್ಯನನ್ನು ಅಲ್ಲೇ ಕೆಡವುತ್ತದೆ. ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟ. ಆರಿತು. ಮಧ್ಯಾಹ್ನದವರೆಗೆ ಕಾದು ಮತ್ತೆ ಬಿಟ್ಟಾಗ ಉರಿಯಿತು. ಮೇಲಿನ ಪದರ ಮೊಳೆತು ಕಪ್ಪಗೆ ಹೆಣೆದುಕೊಂಡು ಹಾಳಾಗಿತ್ತು. ಅದರ ಕೆಳಗಿನದು ಕೈಗೆ ಬೆಚ್ಚಗೆ, ತೇವವಾಗಿ, ಇನ್ನೂ ಜೋಳವಾಗಿಯೇ ಇತ್ತು. ಆಕೆ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿದಳು. "ಬದುಕ್ಯಾದ," ಎಂದಳು.

ಬದುಕಿದ್ದನ್ನು ಒಣಗಿಸಬೇಕು. ಒಣಗಿಸುವುದು ಎಲ್ಲಿ? ಮಾಳಿಗೆಯ ಮೇಲೆ ಹರವಿದರೆ ಶಹಾಪುರದ ಗುಡ್ಡದ ಮೇಲೆ ನಿಂತವನಿಗೆಲ್ಲ ಕಾಣುತ್ತದೆ. ಗುಬ್ಬಿಗಳೇ ಸಾಕು ಸಾಕ್ಷಿ ಹೇಳಲು. ಅದರ ಮೇಲೆ ಆ ವಾರ ಲೆವಿ ವಸೂಲಿ ಮಾಡುವ ಗಿರ್ದಾವರ ನಮ್ಮ ಓಣಿಯ ಮನೆಗಳನ್ನು ತಪಾಸ ಮಾಡುವನೆಂದು ಕಚೇರಿಯಲ್ಲಿ ಕೇಳಿದ್ದೆ. ನಾನದನ್ನು ಬಾಯಿ ತಪ್ಪಿ ಅಂದುಬಿಟ್ಟೆ. ಅಂದದ್ದೇ ತಡ, ಆಕೆಯೂ ನನ್ನ ಹೆಂಡತಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಾರಕೂನರ ಮನಿ ಯಾರ್ ತಪಾಸ ಮಾಡ್ತಾರ?" ಎಂದಳು ಆಕೆ.

ಯೋಚಿಸಲು ಒಂದು ದಿನ ಕೊಡಿ ಎಂದೆ. ಅಷ್ಟರಲ್ಲಿ ಹೆಂಡತಿ ಹಿಂದಿನ ಕೋಣೆಯಿಂದ ಒಣಹುಲ್ಲನ್ನು ಎಳೆದು ತಂದು ನಮ್ಮ ಪಡಸಾಲೆಯ ತಣ್ಣನೆಯ ನೆಲದ ಮೇಲೆ ಹಾಸುತ್ತಿದ್ದಳು. ಅದರ ಮೇಲೆ ಗೋಣಿತಟ್ಟು, ತಟ್ಟಿನ ಮೇಲೆ ಜೋಳ. ಪಡಸಾಲೆ, ನಡುಮನೆ, ಕೋಣೆ, ಮಂಚದ ಕೆಳಗೆ, ದೇವರ ಗೂಡಿನ ಮುಂದೆ. ಮಕ್ಕಳು ಗೋಡೆ ಹಿಡಿದು ನಡೆಯುತ್ತಿದ್ದವು. ಮನೆಯೆಲ್ಲ ಸೆರೆಯಂಗಡಿಯ ವಾಸನೆ. ಮನೆಯೊಡತಿ ಗಳಿಗೆಗೊಮ್ಮೆ ಬಂದು ಕಾಳಿನಲ್ಲಿ ಕೈಯಾಡಿಸಿ ಹೋಗುತ್ತಿದ್ದಳು. ಕಾಳು ಆಡಿಸುತ್ತಿದ್ದಳೋ, ಕಡಿಮೆಯಾಗಿದೆಯೇ ಎಂದು ನೋಡುತ್ತಿದ್ದಳೋ, ನಾನು ಹೇಳಲಾರೆ. ನಾನೂ ಆಕೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಾಳೆ ಸಿಕ್ಕಿಬಿದ್ದರೆ ಜೋಳ ಕಾರಕೂನನದು ಎಂದು ಆಕೆ ಅಂದರೆ ಅಲ್ಲ ಎನ್ನಲು ನನ್ನ ಹತ್ತಿರ ಏನಿತ್ತು? ಮಂಚದ ಕೆಳಗಿತ್ತಲ್ಲ.

ಗಿರ್ದಾವರ ಬಂದ ದಿನ ಜಿಟಿಜಿಟಿ ಮಳೆ. ಓಣಿಯ ಆ ತುದಿಯಿಂದ ಶುರುಮಾಡಿ ಮನೆಯೊಡತಿಯ ಮನೆ, ಕೊಟ್ಟಿಗೆ, ಹಿತ್ತಿಲು ಎಲ್ಲ ನೋಡಿದ. ಕಿತ್ತ ಮಡಿ ಕಂಡು ಕೇಳಿದಾಗ ಆಕೆ, ಬಾಡಿಗೆಯವರ ಬದನೆಗೆ ರೋಗ ಬಂತು ಎಂದಳಂತೆ. ಆಮೇಲೆ ನನ್ನ ಬಾಗಿಲಿಗೆ ಬಂದ. ತಪಾಸಕ್ಕಲ್ಲ, ಚಹಾಕ್ಕೆ. ಅದೇ ಕೇಡಾದದ್ದು. ಕಟ್ಟೆಯ ಮೇಲೆ ಕೂರಿಸೋಣವೆಂದರೆ ಮಳೆ.

ಹೆಂಡತಿ ಒಳಗೆ ಬೇಗಬೇಗ ಜೋಳದ ಮೇಲೂ ಹುಲ್ಲು ಸುರಿದಳು. ಅವನು ಹೊಸಿಲು ದಾಟಿ ನಿಂತ. ಗೋಡೆಯಿಂದ ಗೋಡೆಗೆ ಹುಲ್ಲು.

"ಏನ್ರಿ ಮುನ್ಷಿಜಿ ಇದು? ಮನ್ಯಾಗೂ ಶುರು ಮಾಡೀರಿ?"

ಹೆಂಡತಿ ಬಾಗಿಲ ಮರೆಯಿಂದಲೇ ಅಂದಳು. "ಹಿತ್ತಲಾ ಆತ್ರಿ, ಈಗ ಪಡಸಾಲಿ. ನೆಲ ತಣ್ಣಗ ಅದಂತ. ನಾಳೆ ನಮ್ಮ ಮ್ಯಾಲೂ ಹೊದಿಸ್ತಾರ. ನೀವರ ಒಂದೀಟು ಬುದ್ಧಿ ಹೇಳ್ರಿ ಅವರಿಗಿ."

ಗಿರ್ದಾವರ ನಕ್ಕ. ಹೊಸಿಲ ಪಕ್ಕದ ಸಣ್ಣ ಮಣೆಯ ಮೇಲೆ ಕುಳಿತು, ಚಹಾವನ್ನು ಬಸಿಗೆ ಸುರಿದುಕೊಂಡು, ಅವಸರವಿಲ್ಲದೆ ಕುಡಿದ. ಮೂಗು ಒಂದೆರಡು ಸಲ ಅಲುಗಿದ್ದನ್ನು ನಾನು ಕಂಡೆ. ಎದ್ದಾಗ ಅವನ ಹಸಿ ಬೂಟಿನ ಅಡಿಗೆ ಹುಲ್ಲಿನ ಜೊತೆ ಏನೋ ಬೆಳ್ಳಗೆ ಅಂಟಿತ್ತು. ಬಗ್ಗಿ ನೋಡಿದ. ಹೊಸಿಲಿನ ಅಂಚಿಗೆ ತಿಕ್ಕಿ ತೆಗೆದ.

"ಮನಿ ಬೆಚ್ಚಗ ಅದ ನಿಮ್ದು," ಎಂದು ಕೊಡೆ ಬಿಚ್ಚಿ ಹೋದ.

ಅವನಿಗೆ ಗೊತ್ತಾಯಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಈಗ ನಿಜಾಮರಿಲ್ಲ, ಆ ಗಿರ್ದಾವರ ಬೇರೆ ತಾಲೂಕಿನಲ್ಲಿದ್ದಾನೆ. ಎಲ್ಲಾದರೂ ಕಂಡರೆ ದೂರದಿಂದಲೇ ನಗುತ್ತಾನೆ. ಆ ನಗುವನ್ನು ಬಿಡಿಸಿ ನೋಡುವ ಕೆಲಸ ನನ್ನ ಪಾಲಿಗೆ ಉಳಿದಿದೆ.

ಜೋಳ ಒಣಗಿತು. ಹೆಚ್ಚಿನ ಪಾಲು ಉಳಿಯಿತು. ರೊಟ್ಟಿಗೆ ಸ್ವಲ್ಪ ಮುಗ್ಗಲು ವಾಸನೆ ಬರುತ್ತಿತ್ತು, ಆದರೆ ಆ ವರ್ಷ ಆಕೆ ಕಂಟ್ರೋಲ್ ಅಂಗಡಿಯ ಮುಂದೆ ನಿಲ್ಲಲಿಲ್ಲ. ನೀರು ಹಗೇವಿಗೆ ಇಳಿದದ್ದು ಯಾರಿಂದ ಎಂಬ ವಾದ ಮಾತ್ರ ತೀರಲಿಲ್ಲ. ನೀವು ದಿನಾ ಕೊಡಗಟ್ಟಲೆ ಸುರಿದಿರಿ ಎಂದು ಆಕೆ. ನೀವು ಹುಲ್ಲು ತೆಗೆದದ್ದಕ್ಕೆ ನೆಲ ಬಿರಿಯಿತು, ಹೀರೆಯ ಬುಡ ಬಿರಿಯಿತೇ ನೋಡಿ ಎಂದು ನಾನು. ಇಬ್ಬರೂ ಸರಿಯೆಂದು ನನ್ನ ಹೆಂಡತಿ, ಯಾರೂ ಕೇಳದಿದ್ದರೂ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆ ಬಂದು ಕಟ್ಟೆಯ ಮೇಲೆ ಕುಳಿತಳು. ಹೊಲದ ಮಾತು, ಸೊಸೆಯ ಕೆಮ್ಮಿನ ಮಾತು ಆಡಿದ ಮೇಲೆ ಹೇಳಿದಳು.

"ಬ್ಯಾರೆ ಮನಿ ನೋಡ್ಕೋರಿ. ಹೊಸ ಜೋಳ ಬರೂದ್ರಾಗ."

"ಯಾಕ್ರಿ ಅವ್ವಾರ? ನಾ ಯಾರಿಗೂ ಹೇಳಿಲ್ಲ."

"ಗೊತ್ತದ. ನೀವು ಹೇಳಿಲ್ಲ. ಖರೆ ದಿನಾ ಮುಂಜಾನೆ ಎದ್ದು, ಇವತ್ತ ಹೇಳ್ಯಾರೇನೋ ಅಂತ ನಿಮ್ಮ ಮಾರಿ ನೋಡಬೇಕಾಗ್ತದಲ್ರಿ. ಆ ಕೆಲಸ ನನಗ ಸಾಕಾಗ್ಯಾದ."

ಹೆಂಡತಿ ಒಳಗಿನಿಂದ ಬಂದು ವಾದಕ್ಕೆ ನಿಲ್ಲುವವಳಿದ್ದಳು. ನಾನೇ ತಡೆದೆ. ಆಕೆಯ ಮುಖವನ್ನು ನಾನೂ ದಿನಾ ಬೆಳಿಗ್ಗೆ ಅದೇ ರೀತಿ ನೋಡುತ್ತಿದ್ದೆ. ಒಂದೇ ಕೆಲಸವನ್ನು ಇಬ್ಬರು ಮಾಡುತ್ತಿದ್ದೆವು, ಯಾರಾದರೊಬ್ಬರು ಬಿಡಲೇಬೇಕಿತ್ತು.

ಬಂಡಿಗೆ ಸಾಮಾನು ಹೇರುವ ದಿನ ಆಕೆ ನಡುಗೋಡೆಯ ಬಾಗಿಲಲ್ಲಿ ಬಂದು ನಿಂತಳು. ಪ್ರತಿ ಚೀಲವೂ ಹೊರಗೆ ಬಂದಾಗ ಆಕೆಯ ಕಣ್ಣು ಅದರ ಜೊತೆಗೇ ಬಂಡಿಯವರೆಗೆ ಹೋಗುತ್ತಿತ್ತು. ನಾನು ಒಂದು ಚೀಲವನ್ನು ಆಕೆಯ ಮುಂದೆ ಇಳಿಸಿ ಬಾಯಿ ಬಿಚ್ಚಿದೆ. ಹಾಸಿಗೆ, ಬಟ್ಟೆ.

"ಬ್ಯಾಡ ಬಿಡ್ರಿ. ನಾ ಏನರ ಕೇಳೀನೇನು?" ಎಂದಳು.

"ನೋಡ್ರಿ, ನೋಡ್ರಿ," ಎಂದೆ.

ಬೇಡವೆನ್ನುತ್ತಲೇ ಬಗ್ಗಿ ನೋಡಿದಳು. ಎರಡನೆಯದನ್ನು ಬಿಚ್ಚಿದೆ. ಪಾತ್ರೆ. ಅದರೊಳಗೆ ಕೈ ಹಾಕಿ ತಳದವರೆಗೂ ತಡವಿ, ಒಂದು ತಾಟು ಸರಿಯಾಗಿ ಕೂತಿಲ್ಲವೆಂದು ತಿರುಗಿಸಿ ಇಟ್ಟಳು. ನಾನು ಮೂರನೆಯ ಚೀಲದ ಹಗ್ಗ ಬಿಚ್ಚತೊಡಗಿದೆ. ಗಂಟು ಬಿಗಿಯಾಗಿತ್ತು. ಆಕೆಯೂ ಕುಳಿತು ಇನ್ನೊಂದು ತುದಿ ಹಿಡಿದು ಎಳೆದಳು.